ಹಳೇ ಡೀಸೆಲ್ ಇಂಜಿನ್ ಸ್ಟಾರ್ಟ್ ಆಗ್ತಿಲ್ವಾ? ಮೇಸ್ತ್ರಿಯವರನ್ನ ಕೇಳಿ

ಮೇಸ್ತ್ರಿ: ನಮಸ್ಕಾರ. ಇವತ್ತು ಅಂಗಡಿ ರಜೆ, ಸಂಜೆವರೆಗೂ ಇರ್ತೀನಿ. ಯಾವ ಇಂಜಿನ್, ಹ್ಯಾಂಡಲ್ ಹೊಡೆದಾಗ ಹೊಗೆ ಬರುತ್ತಾ, ಕೊನೇ ಸಲ ಯಾವಾಗ ಓಡಿತ್ತು, ಈ ಮೂರನ್ನೂ ಬರೆದು ಕೇಳಿ.

ಮಂಡ್ಯ ಆಲೆಮನೆ: ಅಣ್ಣ, ಗಾಣದ ಇಂಜಿನ್. ಹೋದ ವಾರ ಓಡ್ತಾ ಓಡ್ತಾ ಡೀಸೆಲ್ ಖಾಲಿಯಾಗಿ ನಿಂತಿತು. ಟ್ಯಾಂಕ್ ತುಂಬಿಸಿದೆವು. ಹ್ಯಾಂಡಲ್ ಹೊಡೆದು ಹೊಡೆದು ರಟ್ಟೆ ಬಿದ್ದು ಹೋಯ್ತು. ಚೂರೂ ಹೊಗೆ ಇಲ್ಲ.

ಮೇಸ್ತ್ರಿ: ಹೊಗೆ ಇಲ್ಲ ಅಂದ್ರೆ ಒಳಗೆ ಡೀಸೆಲ್ ಹೋಗ್ತಿಲ್ಲ. ಪೈಪಿನಲ್ಲಿ ಗಾಳಿ ಸೇರಿದೆ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ, ಗುಳ್ಳೆ ನಿಂತು ಬರೀ ಡೀಸೆಲ್ ಬರೋವರೆಗೆ ಬಿಡಿ, ಬಿಗಿ ಮಾಡಿ. ಆಮೇಲೆ ಪಂಪಿನ ಹತ್ತಿರದ ಸ್ಕ್ರೂಗೂ ಹಾಗೇ. ಕೊನೆಗೆ ನಾಝಲ್ (ಸಿಲಿಂಡರ್ ಒಳಗೆ ಡೀಸೆಲ್ ಚಿಮ್ಮಿಸೋ ಮೂತಿ) ಕಡೆಯ ಪೈಪ್ ನಟ್ ಸಡಿಲ ಮಾಡಿ ಹ್ಯಾಂಡಲ್ ತಿರುಗಿಸಿ, ಡೀಸೆಲ್ ಚಿಮ್ಮಿದ ಮೇಲೆ ಬಿಗಿ ಮಾಡಿ. ಈಗ ತಿರುಗಿಸಿದರೆ ನಾಝಲ್ ಕಿರ್ ಕಿರ್ ಅನ್ನಬೇಕು. ಆ ಸದ್ದು ಬಂದ ಮೇಲೇ ಜೋರಾಗಿ ಹೊಡೀರಿ.

ಶಿರಸಿ ತೋಟ: ನಮ್ಮದು ಸ್ಟಾರ್ಟ್ ಆಗೋದಿಲ್ಲ, ಆದರೆ ಬಿಳಿ ಹೊಗೆ ಬರುತ್ತೆ. ಬೆಳಿಗ್ಗೆ ಚಳಿಯಲ್ಲಂತೂ ಆಗೋದೇ ಇಲ್ಲ.

ಮೇಸ್ತ್ರಿ: ಡೀಸೆಲ್ ಹೋಗ್ತಿದೆ, ಉರೀತಿಲ್ಲ. ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿ ಒತ್ತೋದು, ಸರಿ ಇದೆಯಾ ನೋಡಿ. ಒತ್ತಡ ಬಿಡೋ ಡಿಕಂಪ್ರೆಷನ್ ಲಿವರ್ ಎತ್ತದೆ ಹ್ಯಾಂಡಲ್ ನಿಧಾನ ತಿರುಗಿಸಿ. ಸ್ಪ್ರಿಂಗ್ ಥರ ವಾಪಸ್ ತಳ್ಳಬೇಕು. ತಳ್ಳದೆ ಸಲೀಸಾಗಿ ತಿರುಗಿದರೆ ಕಿವಿಗೊಟ್ಟು ಕೇಳಿ. ಏರ್ ಫಿಲ್ಟರ್‌ನಲ್ಲಿ ಬುಸ್ ಅಂದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರ್‌ನಲ್ಲಿ ಅಂದರೆ ಎಕ್ಸಾಸ್ಟ್ ವಾಲ್ವ್, ಕೆಳಗೆ ಬ್ರೀದರ್‌ನಲ್ಲಿ (ಆಯಿಲ್ ಇರೋ ಭಾಗದ ಗಾಳಿ ಕಿಂಡಿ) ಅಂದರೆ ಪಿಸ್ಟನ್ ಸುತ್ತಿನ ರಿಂಗ್.

ರಾಯಚೂರು ಗದ್ದೆ: ಸರ್, ಟ್ಯಾಂಕ್ ಖಾಲಿಯಾಗಿತ್ತು, ಡೀಸೆಲ್ ಹಾಕಿದರೂ ಸ್ಟಾರ್ಟ್ ಆಗ್ತಿಲ್ಲ.

ಮೇಸ್ತ್ರಿ: ಏರ್ ತೆಗೀರಿ. ಮಂಡ್ಯದವರಿಗೆ ಬರೆದಿದ್ದೀನಿ.

ದಾವಣಗೆರೆ: ಬೇರೆ ಗ್ರೂಪಿನಲ್ಲಿ ಬಂದದ್ದು, ಎಲ್ಲರಿಗೂ ಉಪಯೋಗ. "ಸ್ಟಾರ್ಟ್ ಆಗದ ಇಂಜಿನ್‌ಗೆ ಏರ್ ಫಿಲ್ಟರ್‌ನಲ್ಲಿ ಪೆಟ್ರೋಲ್ ನೆನೆಸಿದ ಬಟ್ಟೆ ಇಡಿ, ಟ್ಯಾಂಕಿಗೆ ಎರಡು ನುಸಿಗುಳಿಗೆ ಹಾಕಿ, ಒಂದೇ ಹೊಡೆತಕ್ಕೆ ಸ್ಟಾರ್ಟ್."

ಮೇಸ್ತ್ರಿ: ದಯವಿಟ್ಟು ಅದನ್ನ ಅಳಿಸಿ. ಡೀಸೆಲ್ ಇಂಜಿನ್‌ನಲ್ಲಿ ಕಿಡಿ ಹೊಡೆಯೋ ಪ್ಲಗ್ ಇಲ್ಲ, ಒತ್ತಿದ ಗಾಳಿಯ ಬಿಸಿಗೇ ಹೊತ್ತಿಕೊಳ್ಳೋದು. ಪೆಟ್ರೋಲ್ ಆವಿ ಗಾಳಿ ಜೊತೆಗೇ ಒಳಗೆ ಹೋದರೆ ಪಿಸ್ಟನ್ ಮೇಲೆ ಬರೋದರೊಳಗೇ ಸಿಡಿಯುತ್ತೆ. ಹ್ಯಾಂಡಲ್ ಉಲ್ಟಾ ಹೊಡೆದು ಮಣಿಕಟ್ಟು ಮುರಿದವರನ್ನ ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೀನಿ. ನುಸಿಗುಳಿಗೆಯಿಂದ ಸವೆದ ರಿಂಗ್ ಸರಿ ಹೋಗಲ್ಲ.

ದಾವಣಗೆರೆ: ನಮ್ಮಪ್ಪ ಇಪ್ಪತ್ತು ವರ್ಷ ಪೆಟ್ರೋಲ್ ಬಟ್ಟೆ ಇಟ್ಟೇ ಸ್ಟಾರ್ಟ್ ಮಾಡಿದ್ದು. ಏನೂ ಆಗಿಲ್ಲ.

ಹಾಸನ: ಆಗಿಲ್ಲ ಅಂತ ಊರಿಗೆಲ್ಲ ಹೇಳ್ಬೇಡಿ. ನಮ್ಮ ಪಕ್ಕದ ತೋಟದಲ್ಲಿ ರಿಂಗ್ ಚೂರು ಚೂರಾಗಿತ್ತು.

ದಾವಣಗೆರೆ: ಅದು ನಿಮಿಷಕ್ಕೆ 1500 ಸುತ್ತಿನ ಸ್ಪೀಡ್ ಇಂಜಿನ್ ಇರ್ಬೇಕು. ನಮ್ಮದು ದೊಡ್ಡ ಚಕ್ರದ್ದು, 650. ಅದರ ಗಟ್ಟಿತನ ನಿಮಗೇನು ಗೊತ್ತು?

ಹಾಸನ: ಚಕ್ರ ದೊಡ್ಡದಾದರೆ ಪೆಟ್ರೋಲ್ ಸಿಡಿಯಲ್ವಾ? ಮಾತಾಡೋಕೆ ಮೊದಲು ಯೋಚನೆ ಮಾಡಿ.

ಕೋಲಾರ: ಮೇಸ್ತ್ರಿಯವರೇ, ಇಂಜಿನ್ ಮಾರಿ ಸೋಲಾರ್ ಪಂಪ್ ಹಾಕಿಸೋದು ಒಳ್ಳೇದಾ?

ಜಮಖಂಡಿ ಹೊಳೆದಂಡೆ: ಅಣ್ಣಾ, ಕಿರ್ಲೋಸ್ಕರ್ ಎವಿ1, 5 ಎಚ್‌ಪಿ. ಕೃಷ್ಣೆ ಏರಿದಾಗ ಇಂಜಿನ್ ಎರಡು ದಿನ ನೀರಲ್ಲಿ ಮುಳುಗಿತ್ತು. ಡೀಸೆಲ್ ಬದಲಿಸಿ ಏರ್ ತೆಗೆದೆ. ಹ್ಯಾಂಡಲ್ ಅರ್ಧ ಸುತ್ತು ಬಂದು ಗಕ್ಕಂತ ನಿಲ್ತದೆ. ನಾಳೆ ಟ್ರ್ಯಾಕ್ಟರ್‌ಗೆ ಬೆಲ್ಟ್ ಹಾಕಿ ಎಳೆಯೋಣ ಅಂತಾನೆ ನನ್ನ ತಮ್ಮ.

ಮೇಸ್ತ್ರಿ: ಎಳೀಬೇಡಿ. ತಮ್ಮನಿಗೆ ಈಗಲೇ ಫೋನ್ ಮಾಡಿ ಹೇಳಿ.

ನಿಮ್ಮ ಸಿಲಿಂಡರ್‌ನಲ್ಲಿ ನೀರಿದೆ. ಎವಿ1ರ ಬೋರ್ (ಸಿಲಿಂಡರ್ ಅಗಲ) 80 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡೋ ದೂರ) 110. ಸುಮಾರು 553 ಮಿ.ಲೀ. ಗಾಳಿ ಒಳಗೆ ಎಳ್ಕೊಂಡು 16.5 ಪಟ್ಟು ಒತ್ತುತ್ತೆ. ಅಂದರೆ ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯೋ ಜಾಗ 36 ಮಿ.ಲೀ. ಅಷ್ಟೇ, ಅರ್ಧ ಕಪ್ ಚಹಾ. ಅದಕ್ಕಿಂತ ಜಾಸ್ತಿ ನೀರಿದ್ದರೆ ಪಿಸ್ಟನ್‌ಗೆ ಹೋಗೋಕೆ ಜಾಗ ಇಲ್ಲ. ಗಾಳಿ ಕುಗ್ಗುತ್ತೆ, ನೀರು ಕುಗ್ಗಲ್ಲ. ಕೈಯಲ್ಲಿ ತಿರುಗಿಸಿದ್ದಕ್ಕೆ ಬರೀ ನಿಂತಿದೆ. ಟ್ರ್ಯಾಕ್ಟರ್ ಎಳೆದಿದ್ದರೆ ಕನೆಕ್ಟಿಂಗ್ ರಾಡ್ ಬಾಗಿರೋದು. 2019ರ ಆಗಸ್ಟ್ ಹೊಳೆ ಇಳಿದ ಮೇಲೆ ಹೀಗೇ ಎಳೆದು ಕೆಡಿಸಿದ ಇಂಜಿನ್‌ಗಳು ನನ್ನ ಅಂಗಡಿ ಮುಂದೆ ಸಾಲಾಗಿ ನಿಂತಿದ್ದವು. ನೋಡಿದರೆ ಕರುಳು ಚುರ್ ಅಂತಿತ್ತು.

ಮೊದಲು ನಾಝಲ್ ಬಿಚ್ಚಿ ಹೊರಗೆ ತೆಗೀರಿ. ಮುಖ ದೂರ ಇಟ್ಟು ಹ್ಯಾಂಡಲ್ ನಿಧಾನ ತಿರುಗಿಸಿ, ಆ ತೂತಿನಿಂದ ನೀರು ಚಿಮ್ಮುತ್ತೆ. ಆಮೇಲೆ ಕೆಳಗಿನ ಆಯಿಲ್ ಪ್ಲಗ್ ಬಿಚ್ಚಿ. ಮೊದಲು ನೀರು, ಆಮೇಲೆ ಹಾಲು ಕಾಫಿ ಬಣ್ಣದ ಆಯಿಲ್ ಬರುತ್ತೆ. ಅದನ್ನ ವಾಪಸ್ ಹಾಕಬೇಡಿ. ಹೊಳೆ ನೀರಲ್ಲಿ ರಾಡಿ ಇರುತ್ತೆ, ಸ್ಟಾರ್ಟ್ ಮಾಡಿದರೆ ಅದೇ ಲೈನರ್, ಅಂದರೆ ಸಿಲಿಂಡರ್ ಒಳಗೋಡೆ, ಗೀರುತ್ತೆ. ಅದಕ್ಕೇ ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳ) ಇಳಿಸಿ, ಬೇರಿಂಗ್ ಬಿಚ್ಚಿ ತೊಳೆಯಲೇಬೇಕು. ಡೀಸೆಲ್ ಪಂಪನ್ನ ಮಾತ್ರ ನೀವು ಬಿಚ್ಚಬೇಡಿ. ಅದರೊಳಗೆ ಡೀಸೆಲ್ ತಳ್ಳೋ ಪ್ಲಂಜರ್ ಕೂದಲಿಗಿಂತ ಕಡಿಮೆ ಸಂದಿನಲ್ಲಿ ಓಡುತ್ತೆ, ತುಕ್ಕು ಹಿಡಿದರೆ ಮುಗೀತು. ನಾಳೆನೇ ಪಂಪ್, ನಾಝಲ್ ಎರಡನ್ನೂ ಪಂಪ್ ರಿಪೇರಿ ಅಂಗಡಿಗೆ ಕೊಡಿ.

ಇನ್ನೊಂದು. ನಾಝಲ್ ಹೊರಗಿಟ್ಟು ಪರೀಕ್ಷೆ ಮಾಡುವಾಗ ಯಾರೂ ಬೆರಳು ಅಡ್ಡ ಇಡಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೆ ನುಗ್ಗುತ್ತೆ. ಸೂಜಿ ಚುಚ್ಚಿದಷ್ಟೇ ಗುರುತು, ನೋವೂ ಕಮ್ಮಿ. ಆದರೂ ತಕ್ಷಣ ಆಸ್ಪತ್ರೆಗೆ ಹೋಗ್ಬೇಕು, ತಡವಾದರೆ ಬೆರಳೇ ಹೋಗುತ್ತೆ.

ತುಮಕೂರು: ಡೀಸೆಲ್ ಖಾಲಿಯಾಗಿ ನಿಂತಿದ್ದು ಸ್ಟಾರ್ಟ್ ಆಗ್ತಿಲ್ಲ. ಏನ್ ಮಾಡೋದು?

ಮೇಸ್ತ್ರಿ: ಏರ್. ಮೇಲೆ ಓದಿ.

ತುಮಕೂರು: ಇಷ್ಟೊಂದು ಯಾರು ಓದ್ತಾರೆ? ಎರಡು ಸಾಲಲ್ಲಿ ಹೇಳಬಾರದಾ?

ಹಾಸನ: ಪುಕ್ಕಟೆ ಹೇಳ್ತಿದ್ದಾರೆ, ಓದೋಕೂ ಆಗಲ್ವಾ ನಿಮಗೆ?

ದಾವಣಗೆರೆ: ನೀವೇನು ಇಲ್ಲಿ ಪೊಲೀಸಾ?

ಮೇಸ್ತ್ರಿ: ಜಗಳ ಆಡೋದಿದ್ದರೆ ಆಡಿ, ಆ ಪೆಟ್ರೋಲ್ ಮೆಸೇಜ್ ಇನ್ನೂ ಹಾಗೇ ಇದೆ. ಯಾರಾದರೂ ಓದಿ ಮಾಡ್ತಾರೆ. ಅಳಿಸಿ.

ಮಂಡ್ಯ ಆಲೆಮನೆ: ಅಣ್ಣ, ಕಿರ್ ಕಿರ್ ಬಂತು. ನಾಲ್ಕನೇ ಹೊಡೆತಕ್ಕೆ ಎತ್ಕೊಂಡಿತು! ಆದರೆ ಕಪ್ಪು ಹೊಗೆ ಜಾಸ್ತಿ.

ಶಿರಸಿ ತೋಟ: ನಮ್ಮದು ಬ್ರೀದರ್‌ನಲ್ಲೇ ಬುಸ್ ಅಂತಿದೆ. ಬರೀ ರಿಂಗ್ ಹಾಕಿದರೆ ಸಾಕಾ, ಲೈನರ್ ಕೂಡ ಬೇಕಾ?

ಜಮಖಂಡಿ ಹೊಳೆದಂಡೆ: ನಾಝಲ್ ತೆಗೆದು ತಿರುಗಿಸಿದೆ. ನೀರು ಸೂರಿಗೆ ಹೊಡೀತು ಅಣ್ಣಾ. ಈಗ ಪೂರ್ತಿ ಸುತ್ತು ಬರ್ತದೆ. ಪ್ಲಗ್‌ನಿಂದ ಬಂದದ್ದೂ ನೀವು ಹೇಳಿದ ಬಣ್ಣವೇ. ತಮ್ಮ ಪಕ್ಕದಲ್ಲೇ ಇದ್ದಾನೆ. ಇಲ್ಲಿಗೆ ನಿಲ್ಲಿಸಲಾ?

ಮೇಸ್ತ್ರಿ: ಇವತ್ತಿಗೆ ನಿಲ್ಲಿಸಿ. ನಾಝಲ್ ತೂತಿನಲ್ಲಿ ನಾಲ್ಕು ಚಮಚ ಹೊಸ ಆಯಿಲ್ ಬಿಟ್ಟು ಎರಡು ಸುತ್ತು ತಿರುಗಿಸಿ, ರಾತ್ರಿ ತುಕ್ಕು ಹಿಡಿಯಲ್ಲ. ತೂತಿಗೆ ಒಣ ಬಟ್ಟೆ ತುರುಕಿ. ಹೆಡ್ ಇಳಿಸಿದ ಮೇಲೆ ಲೈನರ್ ಫೋಟೋ ಹಾಕಿ, ಬೆಳಕಲ್ಲಿ ತೆಗೆದದ್ದು.