ಹದಿನಾರು ಅಡಿ ದೋಣಿ, ನಾಲ್ವರು ಕುಳಿತರೆ ವೇಗವೇ ಇಲ್ಲ

ಬೇತಿಯಿಂದ: ನನ್ನದು 16 ಅಡಿಯ ಫೈಬರ್ ದೋಣಿ, 9.9 ಅಶ್ವಶಕ್ತಿಯ ಔಟ್‌ಬೋರ್ಡ್, ಅಂದರೆ ಹಿಂಬದಿಗೆ ತೂಗುಹಾಕುವ ಎಂಜಿನ್. ಇಬ್ಬರಿದ್ದರೆ ಗೋವಾದ ಮಾಂಡವಿ ನದಿಯಲ್ಲಿ ಗಂಟೆಗೆ 25 ಕಿಲೋಮೀಟರ್ ಓಡುತ್ತದೆ. ನಾಲ್ವರಾದರೆ 12 ದಾಟುವುದಿಲ್ಲ, ಮೂತಿ ಆಕಾಶ ನೋಡುತ್ತದೆ. ಎಂಜಿನ್ ಬದಲಿಸದೆ ದಾರಿಯಿದೆಯೇ?

ಕುಠ್ಠಾಳಿಯಿಂದ: ಎಂಜಿನ್ ಬದಲಿಸಿ. ನಾನು ಹಳೆಯ 25 ಅಶ್ವಶಕ್ತಿಯ ಎಂಜಿನ್ ತಂದೆ, 1,15,000 ರೂಪಾಯಿ. ಮೊದಲ ವಾರ ಝುವಾರಿ ನದಿಯಲ್ಲಿ ಹಾರಿದ್ದೇ ಹಾರಿದ್ದು. ಮೂರನೆಯ ವಾರ ಎಂಜಿನ್ ಹೊರುವ ಹಿಂಬದಿಯ ಹಲಗೆಯಲ್ಲಿ ಕೂದಲೆಳೆಯಷ್ಟು ಬಿರುಕು. ಉಗುರಿನಿಂದ ಕೆದಕಿದರೆ ಒಳಗಿನ ಪ್ಲೈವುಡ್ ನೆನೆದ ಪಾವ್ ಬ್ರೆಡ್ಡಿನಂತೆ ಕೈಗೆ ಬಂತು. ರೆಸಿನ್, ಫೈಬರ್ ಮ್ಯಾಟ್, ಕೂಲಿ ಸೇರಿ 23,400. ಆ ನಾನೂರು ಪುಟ್ಟಿ ಹಚ್ಚುವ ಹುಡುಗನ ಊಟದ್ದು, ಅದೂ ನನ್ನ ತಲೆಗೇ. ಎಂಟು ದಿನ ಎಂದವನು 41 ದಿನ ಮಾಡಿದ. ಆದರೂ ಪಶ್ಚಾತ್ತಾಪವಿಲ್ಲ.

ವಾಸ್ಕೊದಿಂದ: ಪಶ್ಚಾತ್ತಾಪವಿಲ್ಲದವರು ಹುಡುಗನ ಊಟದ ಲೆಕ್ಕ ಇಟ್ಟುಕೊಂಡಿರುವುದಿಲ್ಲ. ನಾನು ಬದಲಿಸಿದ್ದು ಎಂಜಿನ್ನಿನ ಪಂಕವನ್ನು (ಪ್ರೊಪೆಲ್ಲರ್) ಮಾತ್ರ. ಮೊದಲು ಎಡವಿದೆ, ಒಪ್ಪುತ್ತೇನೆ: ಪಿಚ್ (ಪಂಕ ಒಂದು ಸುತ್ತು ತಿರುಗಿದಾಗ ಮುಂದೆ ಸಾಗಬೇಕಾದ ದೂರ) ಹೆಚ್ಚಿದಷ್ಟೂ ವೇಗ ಎಂದುಕೊಂಡು 10 ಇಂಚಿನದನ್ನು ತೆಗೆದು 11ರದು ಹಾಕಿಸಿದೆ. 5,800 ರೂಪಾಯಿ ನೀರಿಗೆ. ಆರ್‌ಪಿಎಂ ನಿಮಿಷಕ್ಕೆ 4,800 ಸುತ್ತಿನಿಂದ 4,600ಕ್ಕೆ ಇಳಿಯಿತು, ಎಂಜಿನ್ ದಮ್ಮು ಹತ್ತಿದವನಂತೆ ಏದುಸಿರು ಬಿಟ್ಟಿತು. ಆಮೇಲೆ 8ರದು ತಂದೆ. ಪೂರ್ತಿ ಹೇರಿನಲ್ಲೂ 5,200. ಕೈಪಿಡಿಯಲ್ಲಿ 5,000ದಿಂದ 6,000 ಎಂದಿದೆ. ದೋಣಿ ನೀರಿನಿಂದ ಎದ್ದು ಜಾರತೊಡಗಿತು. ಆ 11ರ ಪಂಕ ಈಗಲೂ ಮನೆಯ ಬಾಗಿಲಿಗೆ ಒತ್ತಾಗಿ ಕುಳಿತಿದೆ.

ಕುಠ್ಠಾಳಿಯಿಂದ: ಪಿಚ್ ಕಡಿಮೆ ಮಾಡಿದರೆ ವೇಗ ಹೆಚ್ಚುತ್ತದೆಯೇ? ಒಂದು ಸುತ್ತು ತಿರುಗಿದಾಗ ಸಾಗುವ ದೂರವೇ ಕಡಿಮೆಯಾಗುತ್ತದಲ್ಲ!

ವಾಸ್ಕೊದಿಂದ: ಸೈಕಲ್ ತುಳಿದಿದ್ದೀರಾ? ಘಟ್ಟ ಹತ್ತುವಾಗ ಯಾವ ಗೇರ್ ಹಾಕುತ್ತೀರಿ?

ಶಾಪೋರಾದಿಂದ: ಗಂಡಸರ ಲೆಕ್ಕ ಮುಗಿದಿದ್ದರೆ ದೋಣಿಯ ತಳವನ್ನೂ ಯಾರಾದರೂ ನೋಡಿ. ನಮ್ಮದು ಮೂರು ತಿಂಗಳು ನೀರಿನಲ್ಲೇ ಇತ್ತು. ಜೂನ್ 1ರ ಮೀನುಗಾರಿಕೆ ನಿಷೇಧಕ್ಕೆ ದಡಕ್ಕೆಳೆದಾಗ ತಳದ ತುಂಬ ಕಲ್ಲುಚಿಪ್ಪು, ತೆಂಗಿನ ತುರಿಮಣೆಯ ಹಾಗೆ. ಎರಡು ದಿನ ಕೆರೆದೆ, ಅಂಗೈಗೆ ನಾಲ್ಕು ಹೊಲಿಗೆ. ಚಿಪ್ಪು ಕೂರದ ಬಣ್ಣಕ್ಕೆ ಲೀಟರಿಗೆ 1,900 ಎಂದ ಅಂಗಡಿಯವನು ಮುಚ್ಚಳ ತುಕ್ಕು ಹಿಡಿದ ಡಬ್ಬಿ ಕೊಟ್ಟ.

ವಾಸ್ಕೊದಿಂದ: ತಳ ಕೆಟ್ಟಿದ್ದರೆ ಇಬ್ಬರಿದ್ದಾಗ 25 ಹೇಗೆ ಬರುತ್ತದೆ, ತಾಯಿ?

ಶಾಪೋರಾದಿಂದ: ನನ್ನ ದೋಣಿಯ ಕಥೆ ಹೇಳಿದೆ. ಅಂಕೋಲೆಯಲ್ಲಿ ನನ್ನ ಅಣ್ಣ ಸೀಮೆಎಣ್ಣೆಯಲ್ಲೇ ಇಪ್ಪತ್ತು ವರ್ಷ ಓಡಿಸಿದ್ದಾನೆ, ಆರ್‌ಪಿಎಂ ಎಂಬ ಪದವನ್ನೇ ಕೇಳಿಲ್ಲ.

ಕುಠ್ಠಾಳಿಯಿಂದ: ಸೀಮೆಎಣ್ಣೆಯೇ! ಪ್ಲಗ್ ಮಸಿ ಹಿಡಿದು ಸಮುದ್ರದ ನಡುವೆ ನಿಂತರೆ ಅಣ್ಣ ಬರುತ್ತಾನೆಯೇ?

ಶಾಪೋರಾದಿಂದ: ಪೆಟ್ರೋಲಿನಲ್ಲಿ ಶುರು ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಎಂಜಿನ್ ಅದು. ತಿಳಿಯದಿದ್ದರೆ ಕೇಳಬೇಕು. ಹಲಗೆ ಕೊಳೆತದ್ದನ್ನು ಎಂಜಿನ್ ಕೊಂಡ ಮೇಲೆ ನೋಡಿದವರು ನನಗೆ ಬುದ್ಧಿ ಹೇಳಬೇಡಿ.

ಬೇತಿಯಿಂದ: ಪೆಟ್ರೋಲ್ ಟ್ಯಾಂಕನ್ನೂ ಒಬ್ಬನನ್ನೂ ಮುಂದಕ್ಕೆ ಸರಿಸಿ ನೋಡಿದೆ. 12 ಇದ್ದದ್ದು 15 ಆಯಿತು. ಪಂಕದ ಮೇಲಿನ ಅಂಕಿ ಸವೆದಿದೆ, ಪಿಚ್ ಎಷ್ಟೆಂದು ತಿಳಿಯುವುದು ಹೇಗೆ?

ಕುಠ್ಠಾಳಿಯಿಂದ: ಅದಿರಲಿ. ಹಲಗೆ ಕೊಳೆತದ್ದು ನನ್ನ ತಪ್ಪೆಂದು ಹೇಳಿದವರು ಯಾರು?