ಓಣಿಯ ಸರಕಾರಿ ಶಾಲೆ ಚಲೋ ಇದೆಯೋ ಇಲ್ಲವೋ, ಹೇಗೆ ತಿಳಿಯಬೇಕು?

ಸೋಲಾಪುರ_ರೋಡ್_ಅಮ್ಮ

ಎಲ್ಲರಿಗೂ ನಮಸ್ಕಾರ. ನಾವಿರೋದು ವಿಜಯಪುರದಲ್ಲಿ, ಸೋಲಾಪುರ ರಸ್ತೆ ಕಡೆ. ಮಗಳಿಗೆ ಬರೋ ಮೇ ತಿಂಗಳಿಗೆ ಆರು ತುಂಬುತ್ತದೆ, ಒಂದನೇ ತರಗತಿಗೆ ಹಾಕಬೇಕು. ಮನೆಯಿಂದ ನಡೆದರೆ ಐದು ನಿಮಿಷಕ್ಕೆ ಸರಕಾರಿ ಹಿರಿಯ ಪ್ರಾಥಮಿಕ ಶಾಲೆ ಇದೆ. ದೊಡ್ಡ ಬೇವಿನ ಮರ, ಅಗಲವಾದ ಅಂಗಳ. ಹೊರಗಿನಿಂದ ಒಳ್ಳೇದೇ ಅನ್ನಿಸುತ್ತದೆ, ಆದರೆ ಹೊರಗೆ ನಿಂತು ಏನು ಗೊತ್ತಾಗುತ್ತೆ?

ಮಾವನವರು "ಕನ್ನಡ ಸಾಲಿಗೇ ಹಾಕ್ರಿ, ನಾವೆಲ್ಲ ಅಲ್ಲೇ ಕಲ್ತವ್ರು" ಅಂತಾರೆ. ಯಜಮಾನರಿಗೆ ಮನಸ್ಸಿಲ್ಲ. ಓಣಿಯಲ್ಲಿ ಕೇಳಿದರೆ ಹತ್ತರಲ್ಲಿ ಎಂಟು ಜನ "ಅಲ್ಲೇನೂ ಕಲಿಸಲ್ಲ" ಅಂತಾರೆ, ಆದರೆ ಅವರಲ್ಲಿ ಒಬ್ಬರ ಮಕ್ಕಳೂ ಅಲ್ಲಿ ಓದುತ್ತಿಲ್ಲ. ಅಲ್ಲಿಗೆ ಮಕ್ಕಳನ್ನು ಕಳಿಸುವವರು ಬೆಳಿಗ್ಗೆ ಕೂಲಿಗೆ ಹೋದರೆ ಸಂಜೆಗೇ ಬರೋದು, ಅವರನ್ನು ಕೇಳಿದರೆ "ಅಕ್ಕೋರು ಚಲೋ ಅದಾರ್ರಿ" ಅಂತ ಒಂದೇ ಮಾತು.

ಈಗ ಮಗಳು ಖಾಸಗಿ ಯುಕೆಜಿಯಲ್ಲಿದ್ದಾಳೆ, ವರ್ಷಕ್ಕೆ 28 ಸಾವಿರ ಕಟ್ಟಿದ್ದೇವೆ. ದುಡ್ಡಿನ ಮಾತು ಇರಲಿ. ಮೊನ್ನೆ ಪುಸ್ತಕದಲ್ಲಿ ಚೆಂಡಿನ ಚಿತ್ರದ ಕೆಳಗಿದ್ದ ಪದ ತೋರಿಸಿದೆ, "ಬಾಲ್" ಅಂತ ಥಟ್ಟನೆ ಓದಿದಳು. ಚಿತ್ರವನ್ನು ಕೈಯಿಂದ ಮುಚ್ಚಿ ಮತ್ತೆ ಕೇಳಿದೆ. ನನ್ನ ಮುಖ ನೋಡಿದಳು, ಓದಲಿಲ್ಲ. ಆವತ್ತಿನಿಂದ ನಿದ್ದೆ ಇಲ್ಲ ನನಗೆ.

ಸರಕಾರಿ ಶಾಲೆಗೆ ಹೋಗಿ ನೋಡ್ತೀನಿ ಅಂದರೆ ಬಿಡ್ತಾರಾ? ಬಿಟ್ಟರೆ ಏನು ನೋಡಬೇಕು? ಗೋಡೆ ಬಣ್ಣವಾ, ಸ್ಮಾರ್ಟ್ ಕ್ಲಾಸಾ, ನವೋದಯ ಮೊರಾರ್ಜಿಗೆ ಎಷ್ಟು ಜನ ಆಯ್ಕೆ ಅಂತ ಬರೆದ ಬ್ಯಾನರಾ? ಸುಮ್ನೆ "ಸರಕಾರಿ ಶಾಲೆ ಉಳಿಸಿ" ಅಂತ ಮಾತ್ರ ಹೇಳಬೇಡಿ, ಒಳಗೆ ಕಂಡವರು ಹೇಳಿ.

ನಿವೃತ್ತ_ಗುರು_ಬಾಗಲಕೋಟೆ

ತಂಗೀ, ನಾನು ಬಾಗಲಕೋಟೆ ಜಿಲ್ಲೆಯಲ್ಲಿ 31 ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವನು, ಕೊನೆಯ ಎಂಟು ವರ್ಷ ಮುಖ್ಯ ಗುರು. ಧಾರಾಳವಾಗಿ ಹೋಗಿ. ಮುಖ್ಯ ಗುರುಗಳ ಕೋಣೆಗೆ ಹೋಗಿ "ಮಗಳನ್ನು ಸೇರಿಸಬೇಕು ಅಂತಿದ್ದೇನೆ, ಒಂದು ತಾಸು ಕೂತು ನೋಡ್ತೀನಿ" ಅನ್ನಿ. ಕೆಲಸದ ಮೇಲೆ ಪ್ರೀತಿ ಇರುವವರು ಎದ್ದು ತಾವೇ ಕರೆದುಕೊಂಡು ಹೋಗುತ್ತಾರೆ. ಇವತ್ತು ಬೇಡ, ಮುಂದಿನ ವಾರ ಬರ್ರಿ, ಮತ್ತೆ ಮುಂದಿನ ವಾರ ಬರ್ರಿ ಅಂದರೆ ನಿಮಗೆ ಉತ್ತರ ಸಿಕ್ಕಿತು. ಜೂನ್ ಮೊದಲ ವಾರ ನೋಡಿ ಏನೂ ತಿಳಿಯಲ್ಲ, ಈಗಿನ ಕಾಲವೇ ಸರಿ. ಶನಿವಾರ ಬೇಡ, ಬೆಳಗಿನ ಶಾಲೆ.

ಒಂದರಿಂದ ಮೂರನೇ ತರಗತಿ ನಲಿ-ಕಲಿ, ಅಂದರೆ ಕಾರ್ಡು ಹಿಡಿದು ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಅದನ್ನು ಮೊದಲ ಸಲ ನೋಡುವವರು ಬೆಚ್ಚಿಬೀಳುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ. ಮೂರೂ ತರಗತಿಯ ಮಕ್ಕಳು ಕೂಡಿ ಕೆಳಗೆ ಗುಂಪಾಗಿ ಕೂತಿರುತ್ತಾರೆ, ಗದ್ದಲ ಇರುತ್ತದೆ, ಒಬ್ಬ ಮಗ ಕಾರ್ಡು ಹುಡುಕುತ್ತಿರುತ್ತಾನೆ, ಒಬ್ಬಳು ಗೋಡೆ ಹಲಗೆ ಮೇಲೆ ಬರೆಯುತ್ತಿರುತ್ತಾಳೆ. ಸಾಲಾಗಿ ಕೂಡಿಸಿ ಕಲಿಸಲ್ಲ ಅಂತ ಸಿಟ್ಟಾಗಬೇಡಿ, ಪದ್ಧತಿಯೇ ಹಾಗೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂತು. ನೋಡಬೇಕಾದ್ದು ಬೇರೆ. ಕಾರ್ಡುಗಳ ಅಂಚು ಸವೆದಿವೆಯಾ, ಅಥವಾ ಕಪಾಟಿನಲ್ಲಿ ಹೊಸದಾಗೇ ಕೂತಿವೆಯಾ? ಮಗುವಿಗೆ "ನೀನು ಈಗ ಏಣಿಯ ಯಾವ ಮೆಟ್ಟಿಲಲ್ಲಿದ್ದೀ?" ಅಂತ ಕೇಳಿದರೆ ಗೋಡೆ ಮೇಲಿನ ಕಲಿಕಾ ಏಣಿಗೆ (ಕಲಿಕೆಯ ಮೆಟ್ಟಿಲು ತೋರಿಸುವ ಪಟ) ಓಡಿ ಬೆರಳಿಟ್ಟು ತೋರಿಸಬೇಕು. ತೋರಿಸಿದರೆ ಅಲ್ಲಿ ನಲಿ-ಕಲಿ ದಿನಾ ನಡೆಯುತ್ತಿದೆ ಅಂತ ಅರ್ಥ.

ಆಮೇಲೆ ನಾಲ್ಕನೇ ತರಗತಿಗೆ ಹೋಗಿ. ಇದು ಮುಖ್ಯ. ಇಬ್ಬರು ಮೂವರು ಮಕ್ಕಳಿಗೆ ಪುಸ್ತಕದ ಇನ್ನೂ ಕಲಿಸದ ಪಾಠ ತೆಗೆದು ಓದಿಸಿ, ಇಲ್ಲವೇ ಮನೆಯಿಂದ ಒಂದು ಸಣ್ಣ ಕತೆ ಪುಸ್ತಕ ಒಯ್ಯಿರಿ. ನಿಮ್ಮ ಮಗಳ "ಬಾಲ್" ಮಾತು ಓದಿ ನನಗೆ ಒಬ್ಬ ಹುಡುಗನ ನೆನಪಾಯಿತು. ನಾನು ಒಂದು ಶಾಲೆಗೆ ಮುಖ್ಯ ಗುರುವಾಗಿ ಹೋದ ಹೊಸತು. ನಾಲ್ಕನೇ ತರಗತಿಯ ಹುಡುಗ, ಗಟ್ಟಿ ಧ್ವನಿ, ಪಾಠವನ್ನು ಹಾಡಿದ ಹಾಗೆ ಓದುತ್ತಿದ್ದ. ಕಣ್ಣು ಪುಸ್ತಕದ ಮೇಲಿರಲಿಲ್ಲ. ಸುಮ್ನೆ ಕೈ ಹಾಕಿ ಎರಡು ಹಾಳೆ ಮುಂದೆ ತಿರುವಿದೆ. ಅವನು ನಿಲ್ಲಲಿಲ್ಲ ತಂಗೀ, ಅದೇ ಪಾಠ ಮುಂದುವರಿಸಿದ. ನಾಲ್ಕು ವರ್ಷ ದಿನಾ ಶಾಲೆಗೆ ಬಂದ ಮಗ. ಅವನಿಗೆ "ಳ" ಮತ್ತು "ಕ" ಬೇರೆ ಅಂತ ಗುರುತಾಗುತ್ತಿರಲಿಲ್ಲ, ಯಾರೂ ಕೇಳಿರಲಿಲ್ಲ. ಮಾರ್ಚ್ ತನಕ ಮಧ್ಯಾಹ್ನ ಅರ್ಧ ತಾಸು ಅವನನ್ನು ಪಕ್ಕದಲ್ಲಿ ಕೂಡಿಸಿಕೊಂಡೆ. ಓದಿದ. ಆದರೆ ಅಂಥ ಇನ್ನೆಷ್ಟು ಮಕ್ಕಳು ನನ್ನ ಕಣ್ಣು ತಪ್ಪಿ ಹೋದರೋ ಅನ್ನೋದು ಈಗಲೂ ಕೊರೆಯುತ್ತದೆ.

ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯವರು 2005ರಿಂದ ಹಳ್ಳಿಹಳ್ಳಿಯಲ್ಲಿ ಮನೆಗೆ ಹೋಗಿ ಮಾಡುವುದೂ ಇದನ್ನೇ. ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಕೆಲವು ಸಾಲು, ಎರಡನೇ ತರಗತಿ ಮಟ್ಟದ ಸಣ್ಣ ಕತೆ, ಅಷ್ಟೇ. ಲೆಕ್ಕಕ್ಕೆ ದಶಕ ತೆಗೆದುಕೊಂಡು ಕಳೆಯುವುದನ್ನು ಕೊಡಿ. 42ರಲ್ಲಿ 17 ಕಳೆ ಅನ್ನಿ. 25 ಅಂದರೆ ಸರಿ. 35 ಅಂತ ಬರೆದರೆ ಮಗು ಏಳರಲ್ಲಿ ಎರಡು ಕಳೆದಿದೆ, ಅಂದರೆ ಸ್ಥಾನಬೆಲೆ ತಿಳಿದಿಲ್ಲ. ಒಬ್ಬರು ತಪ್ಪಿದರೆ ಅದು ಮಗುವಿನ ತಪ್ಪು, ಇಡೀ ತರಗತಿ 35 ಅಂತ ಬರೆದರೆ ಅದು ನಮ್ಮ ತಪ್ಪು.

ನೋಟ್‌ಬುಕ್ ಐದು ತರಿಸಿ ಪಕ್ಕಪಕ್ಕ ಇಡಿ. ಕೆಂಪು ಸಹಿ ಎಲ್ಲ ಕಡೆ ಇದ್ದೇ ಇರುತ್ತದೆ, ಅದನ್ನು ನೋಡಬೇಡಿ. ತಪ್ಪಿಗೆ ಸುತ್ತು ಹಾಕಿ, ಕೆಳಗೆ ಮಗು ತಿದ್ದಿ ಬರೆದಿದೆಯಾ ನೋಡಿ. ಐದರಲ್ಲೂ ಅದೇ ವಾಕ್ಯ, ಅದೇ ಅಲ್ಪವಿರಾಮ ಇದ್ದರೆ ಬೋರ್ಡಿನಿಂದ ಇಳಿಸಿದ್ದು.

ಗೋಕಾಕ_ಕರದಂಟು

ಅಕ್ಕಾ, ಗುರುಗಳು ಪಾಠದ ಬಗ್ಗೆ ಹೇಳಿದರು, ನಾನು ಹೆಣ್ಣು ಮಗುವಿನ ತಾಯಿಯಾಗಿ ಉಳಿದದ್ದು ಹೇಳುತ್ತೇನೆ. ನನ್ನ ಇಬ್ಬರು ಮಕ್ಕಳೂ ಸರಕಾರಿ ಕನ್ನಡ ಶಾಲೆ, ದೊಡ್ಡವಳು ಈಗ ಏಳನೇ ತರಗತಿ.

ಮಧ್ಯಾಹ್ನ ಎರಡು ಗಂಟೆಗೆ ಹೋಗಿ ಶೌಚಾಲಯ ನೋಡಿ. ಬೆಳಿಗ್ಗೆ ಹತ್ತಕ್ಕೆ ಎಲ್ಲ ಕಡೆ ತೊಳೆದಿರುತ್ತದೆ. ಊಟ ಆಗಿ ಎಲ್ಲರೂ ಕೈ ತೊಳೆದ ಮೇಲೆ ನಳದಲ್ಲಿ ನೀರು ಬರುತ್ತಿದೆಯಾ, ಹುಡುಗಿಯರ ಶೌಚಾಲಯದ ಬಾಗಿಲಿಗೆ ಒಳಗೆ ಚಿಲಕ ಇದೆಯಾ, ಕೀಲಿ ಹಾಕಿಟ್ಟಿದ್ದಾರಾ. ಮೊದಲು ನಾವಿದ್ದ ಊರಿನ ಶಾಲೆಯಲ್ಲಿ ಎಲ್ಲಾ ಚೆಂದ, ಟೀಚರ್‌ಗಳೂ ಒಳ್ಳೆಯವರು, ಆದರೆ ಆ ಕೀಲಿ ಆಫೀಸಿನಲ್ಲಿ ಇರುತ್ತಿತ್ತು. ನನ್ನ ಮಗಳು ಎರಡನೇ ತರಗತಿಯಲ್ಲಿ ನೀರು ಕುಡಿಯೋದನ್ನೇ ಬಿಟ್ಟಿದ್ದಳು. ಬಾಟಲಿ ತುಂಬಿ ಕಳಿಸಿದ್ದು ತುಂಬೇ ವಾಪಸ್ ಬರುತ್ತಿತ್ತು, ಉರಿಮೂತ್ರ ಆಗಿ ಡಾಕ್ಟರ್ ಹತ್ತಿರ ಹೋದ ಮೇಲೆ ನನಗೆ ಗೊತ್ತಾಯಿತು. ನಾವು ನಾಲ್ಕು ಜನ ತಾಯಂದಿರು ಹೋಗಿ ಕೇಳಿದ ಮೇಲೆ ಕೀಲಿ ತೆಗೆದರು. ಮೊದಲೇ ಒಂದು ಸಲ ಹೋಗಿ ನೋಡಿದ್ದರೆ ಆ ಮಗು ಅಷ್ಟು ತ್ರಾಸು ಪಡುತ್ತಿರಲಿಲ್ಲ.

ಬಿಸಿಯೂಟದ ಹೊತ್ತಿಗೆ ಹೋದರೆ ಮಕ್ಕಳ ಜೊತೆ ಕೂತು ಒಂದು ತುತ್ತು ತಿನ್ನಿ. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕು ಅಂತ ನಿಯಮವೇ ಇದೆ. ನಿಮ್ಮ ವಿಜಯಪುರ, ಬಾಗಲಕೋಟೆ ಕಡೆ ಬಿಸಿಯೂಟ 2002ರಲ್ಲೇ ಶುರುವಾದದ್ದು, ಅಲ್ಲಿನ ಅಡುಗೆಯವರಿಗೆ ಕೈ ಪಳಗಿರುತ್ತದೆ. ಊಟಕ್ಕಿಂತ ಜಾಸ್ತಿ ನಾನು ನೋಡೋದು ಅಡುಗೆ ಅವ್ವಗಳು ಮಕ್ಕಳನ್ನು ಹೆಸರು ಹಿಡಿದು ಕರೀತಾರಾ ಅಂತ. ನಮ್ಮಲ್ಲಿ ಒಬ್ಬ ಅವ್ವ "ಬಾರ ನನ ಕಂದಾ, ಅನ್ನ ಇಷ್ಟೇ ಸಾಕೇನ" ಅಂತ ಕೇಳಿ ಕೇಳಿ ಹಾಕುತ್ತಾಳೆ. ಸಣ್ಣ ಮಗ ಶಾಲೆಗೆ ಅಳದೇ ಹೋಗೋಕೆ ಅವಳೇ ಕಾರಣ.

ಇಂಗ್ಲಿಷ್ ಬಗ್ಗೆ ನಿಮ್ಮ ಯಜಮಾನರಿಗೆ ಚಿಂತೆ ಇರಬಹುದು ಅಲ್ವಾ? ಸರಕಾರಿ ಶಾಲೆಯಲ್ಲೂ ಒಂದನೇ ತರಗತಿಯಿಂದಲೇ ಒಂದು ವಿಷಯವಾಗಿ ಇಂಗ್ಲಿಷ್ ಇದೆ. ಕೆಲವು ಕಡೆ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಇದೆ, ನಿಮ್ಮಲ್ಲಿ ಇದೆಯಾ ಕೇಳಿ.

ಇಂಡಿ_ನಿಂಬೆ

ನಮ್ಮೂರ ಶಾಲೆಯ ಎಸ್‌ಡಿಎಂಸಿಯಲ್ಲಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಇದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಬ್ಯಾನರ್ ಮಾತು. ನವೋದಯ, ಮೊರಾರ್ಜಿ, ಸೈನಿಕ ಶಾಲೆ, ಕಿತ್ತೂರು, ಎಲ್ಲಾ ವಸತಿ ಶಾಲೆಗಳು, ಆರನೇ ತರಗತಿಗೆ ಸೇರಲು ಪರೀಕ್ಷೆ. ನಮ್ಮ ಜಿಲ್ಲೆಯಲ್ಲಿ ಇದರ ಹುಚ್ಚು ಎಷ್ಟಿದೆ ಅಂತ ನಿಮಗೇ ಗೊತ್ತು. ನಾಲ್ಕನೇ ತರಗತಿಯಿಂದಲೇ ಮಕ್ಕಳನ್ನು ಕೋಚಿಂಗ್‌ಗೆ ಬಿಡುತ್ತಾರೆ. ಹೆಸರು ಶಾಲೆಯಲ್ಲಿ, ಮಗು ಕೋಚಿಂಗ್‌ನಲ್ಲಿ. ಆಯ್ಕೆಯಾದರೆ ಫೋಟೋ ಎರಡೂ ಕಡೆ. ಆದ್ದರಿಂದ ಬ್ಯಾನರ್ ನೋಡಿದರೆ "ಈ ಮಕ್ಕಳು ದಿನಾ ಇಲ್ಲೇ ಕೂತಿದ್ರಾ?" ಅಂತ ಕೇಳಿ. ಹೌದು ಅಂದರೆ ಆ ಗುರುಗಳಿಗೆ ಕೈ ಮುಗಿಯಬೇಕು.

ಎರಡನೇದು ಶಿಕ್ಷಕರ ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಒಂದರಿಂದ ಐದನೇ ತರಗತಿಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 90ರ ತನಕ ಮೂವರು, 120ರ ತನಕ ನಾಲ್ವರು ಇರಬೇಕು. ಶಾಲೆಯ ಬೋರ್ಡ್ ಮೇಲೆ 29ರಿಂದ ಶುರುವಾಗುವ 11 ಅಂಕಿಯ ಯುಡೈಸ್ ಕೋಡ್ (ಶಾಲೆಯ ಗುರುತಿನ ಸಂಖ್ಯೆ) ಇರುತ್ತದೆ, ಅದನ್ನು ಯುಡೈಸ್ ಪ್ಲಸ್ ತಾಣದಲ್ಲಿ ಹಾಕಿದರೆ ಮಕ್ಕಳೆಷ್ಟು, ಶಿಕ್ಷಕರೆಷ್ಟು, ಕೋಣೆ ಎಷ್ಟು ಎಲ್ಲಾ ಬರುತ್ತದೆ. ಒಂದೇ ಕಾಂಪೌಂಡಿನಲ್ಲಿ ಉರ್ದು ಶಾಲೆಯೂ ಇದ್ದರೆ ಅದರ ಕೋಡ್ ಬೇರೆ, ನೋಡಿ ಹಾಕಿ. ಆಮೇಲೆ ಅದರಲ್ಲಿ ಕಾಯಂ ಎಷ್ಟು, ಅತಿಥಿ ಶಿಕ್ಷಕರು ಎಷ್ಟು, ಈ ವರ್ಷ ಯಾರು ನಿವೃತ್ತಿ ಅಂತ ಬಾಯಿಂದ ಕೇಳಿ. ಅತಿಥಿ ಶಿಕ್ಷಕರು ಕೆಟ್ಟವರಲ್ಲ, ನಮ್ಮ ಶಾಲೆಯ ಗಣಿತ ಉಳಿದದ್ದೇ ಅಂಥ ಒಬ್ಬ ಹುಡುಗಿಯಿಂದ. ಆದರೆ ಅವರು ಶಾಲೆ ಶುರುವಾದ ಮೇಲೆ ಬರುತ್ತಾರೆ, ವರ್ಷ ಮುಗಿದ ಕೂಡಲೇ ಹೋಗುತ್ತಾರೆ, ನಡುವೆ ಮಕ್ಕಳು ಕಾಯುತ್ತಾರೆ.

ಇನ್ನು ಗುರುಗಳ ಓದಿಸುವ ಪರೀಕ್ಷೆ ಬಗ್ಗೆ ನನ್ನದೊಂದು ತಕರಾರು. ಗುರುಗಳೇ, ತಪ್ಪು ತಿಳಿಯಬೇಡಿ. ನಮ್ಮ ಶಾಲೆಗೆ ತಾಂಡಾ ಮಕ್ಕಳು ಬರುತ್ತಾರೆ. ದೀಪಾವಳಿ ಆದ ಮೇಲೆ ಅಪ್ಪ ಅಮ್ಮನ ಜೊತೆ ಕಬ್ಬು ಕಡಿಯೋಕೆ ಮಹಾರಾಷ್ಟ್ರಕ್ಕೆ ಹೋದರೆ ಬರೋದು ಯುಗಾದಿ ಹೊತ್ತಿಗೆ. ಹಾಜರಿ ಪುಸ್ತಕದಲ್ಲಿ ಒಂದೇ ಮಗುವಿನ ಮುಂದೆ ನಾಲ್ಕು ತಿಂಗಳು ಗೈರು. ಆ ಮಗು ಓದಲಿಲ್ಲ ಅಂತ ಟೀಚರ್‌ಗೆ ಬೈದರೆ ಅನ್ಯಾಯ. ನಾನು ನೋಡೋದು, ವಾಪಸ್ ಬಂದ ಮಗುವನ್ನು ಏನು ಮಾಡುತ್ತಾರೆ ಅಂತ. ನಮ್ಮಲ್ಲಿ ಮೂರನೇ ತರಗತಿ ಟೀಚರ್ ಅಂಥ ಆರು ಮಕ್ಕಳಿಗೆ ಬೇರೆ ನೋಟ್‌ಬುಕ್ ಇಟ್ಟಿದ್ದಾರೆ, ಮೇಲೆ ಅವರ ಕೈಯಲ್ಲೇ ಬರೆದ ಹೆಸರು. ಮಗು ಎಲ್ಲಿ ಬಿಟ್ಟು ಹೋಗಿತ್ತೋ ಅಲ್ಲಿಂದ ಶುರು.

ನಿವೃತ್ತ_ಗುರು_ಬಾಗಲಕೋಟೆ

ಸರಿಯಾದ ಮಾತು ತಮ್ಮಾ, ತಕರಾರು ಒಪ್ಪಿದೆ. ತಂಗೀ, ಓದಿಸುವ ಮೊದಲು ಹಾಜರಿ ನೋಡಿ, ದಿನಾ ಬಂದ ಮಗುವನ್ನೇ ಓದಿಸಿ. ವಾಪಸ್ ಬಂದ ಮಗುವಿನ ನೋಟ್‌ಬುಕ್ ಕೇಳಿ ನೋಡಿ. ಇದು ನನಗೆ ಹೊಳೆದಿರಲಿಲ್ಲ.

ಸೋಲಾಪುರ_ರೋಡ್_ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಂಗಳವಾರ ಹೋಗಿದ್ದೆ, ಮಗಳನ್ನೂ ಕರೆದುಕೊಂಡು. ಹೆಡ್ ಮಾಸ್ತರು ಕುರ್ಚಿ ತರಿಸಿದರು, "ಎಷ್ಟು ಹೊತ್ತು ಬೇಕೋ ಕೂಡ್ರಿ ತಾಯಿ" ಅಂದರು. ನನಗೆ ಹೋಗುವಾಗ ಇದ್ದ ಹೆದರಿಕೆ ಅಲ್ಲೇ ಅರ್ಧ ಹೋಯಿತು.

ನಲಿ-ಕಲಿ ಕೋಣೆಯಲ್ಲಿ ನಿಜವಾಗಿ ಗದ್ದಲ ಇತ್ತು. ಕಾರ್ಡುಗಳ ಮೂಲೆ ಸವೆದು ಮೆತ್ತಗಾಗಿವೆ, ಕೆಲವಕ್ಕೆ ಅಂಟು ಟೇಪು ಹಚ್ಚಿದ್ದಾರೆ. ಒಂದು ಹುಡುಗಿಗೆ ಏಣಿ ಕೇಳಿದೆ, ಬೆರಳಿಟ್ಟು ತೋರಿಸಿ "ನಾಳಿ ಇದಕ್ಕ ಹೋಗ್ತೀನ್ರಿ" ಅಂತ ಮುಂದಿನ ಮೆಟ್ಟಿಲೂ ತೋರಿಸಿದಳು. ನಾಲ್ಕನೇ ತರಗತಿಯಲ್ಲಿ ದಿನಾ ಬರುವ ನಾಲ್ಕು ಮಕ್ಕಳನ್ನು ಓದಿಸಿದೆ. ಮೂವರು ನನ್ನ ಕತೆ ಪುಸ್ತಕವನ್ನು ನಿಧಾನಕ್ಕೆ ಓದಿದರು, ಒಬ್ಬ ಒತ್ತಕ್ಷರ ಬಂದಲ್ಲೆಲ್ಲ ನಿಂತ. 42ರಲ್ಲಿ 17ಕ್ಕೆ ಇಬ್ಬರು 25, ಇಬ್ಬರು 35. ಮುಚ್ಚಿಡದೇ ಹೇಳುತ್ತಿದ್ದೇನೆ. ಅಲ್ಲಿದ್ದ ಟೀಚರ್ ಕೂಡ ಮುಚ್ಚಿಡಲಿಲ್ಲ, "ಲೆಕ್ಕದ ಸರ್ ಚುನಾವಣೆ ಪಟ್ಟಿ ಕೆಲಸಕ್ಕೆ ಹೋಗಿದ್ರು, ಎರಡು ವಾರ ಹಿಂದೆ ಬಿದ್ದಿದ್ದೀವಿ" ಅಂದರು. ಶೌಚಾಲಯದಲ್ಲಿ ನೀರು ಇತ್ತು, ಚಿಲಕ ಒಂದಕ್ಕೆ ಇದೆ, ಇನ್ನೊಂದಕ್ಕೆ ಇಲ್ಲ.

ನಾನು ಮಾತಾಡುತ್ತಿರುವಾಗ ಮಗಳು ಕಾಣಲಿಲ್ಲ. ನೋಡಿದರೆ ಆ ಏಣಿ ತೋರಿಸಿದ ಹುಡುಗಿ ಪಕ್ಕ ಕೂತು, ಗೋಡೆ ಹಲಗೆ ಮೇಲೆ "ರ" ಬರೀತಿದ್ದಳು. ಆ ಹುಡುಗಿ ಇವಳ ಕೈ ಹಿಡಿದು ಬರೆಸುತ್ತಿದ್ದಳು.

ಒಂದೇ ಒಂದು ಪ್ರಶ್ನೆ ಉಳಿದಿದೆ. ಇಬ್ಬರು ಶಿಕ್ಷಕರು ಈ ಮೇ ತಿಂಗಳಲ್ಲಿ ನಿವೃತ್ತಿ, ಒಬ್ಬರು ನಲಿ-ಕಲಿಯವರೇ. ಅವರ ಜಾಗಕ್ಕೆ ಯಾರು ಬರ್ತಾರೆ ಅಂತ ಯಾರನ್ನ ಕೇಳಬೇಕು? ಯಜಮಾನರು ಒಪ್ಪಿದ್ದಾರೆ, ಅದೊಂದು ತಿಳಿದರೆ ಸಾಕು ಅಂತಿದ್ದಾರೆ.

ಇಂಡಿ_ನಿಂಬೆ

ಮೊದಲು ನಿಮ್ಮ ಕ್ಲಸ್ಟರಿನ (ಸುತ್ತಲಿನ ಶಾಲೆಗಳ ಗುಂಪು) ಸಿಆರ್‌ಪಿ, ಅಂದರೆ ಸಂಪನ್ಮೂಲ ವ್ಯಕ್ತಿ ಅವರನ್ನು ಕೇಳಿ, ಹೆಡ್ ಮಾಸ್ತರು ನಂಬರ್ ಕೊಡುತ್ತಾರೆ. ಆಮೇಲೆ ಎಸ್‌ಡಿಎಂಸಿ ಸಭೆಯಲ್ಲಿ ಖಾಲಿ ಹುದ್ದೆ ಬಗ್ಗೆ ಠರಾವು ಬರೆಸಿ, ಪ್ರತಿಯನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಬಾಯಿ ಮಾತಿಗೆ ಯಾರೂ ಓಡಲ್ಲ, ಕಾಗದಕ್ಕೆ ಓಡ್ತಾರೆ. ಏಪ್ರಿಲ್ ರಜೆಗೆ ಮೊದಲೇ ಮಾಡಿಸಿ. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರು ಅಂತ ಕಾಯ್ದೆಯಲ್ಲೇ ಇದೆ. ಮಗಳ ಹೆಸರು ಹಚ್ಚಿದ ಮೇಲೆ ನೀವೂ ಸಮಿತಿಗೆ ನಿಲ್ಲಿ ಅಕ್ಕಾ. ಆ ಇನ್ನೊಂದು ಚಿಲಕ ಮೊದಲ ಸಭೆಯಲ್ಲೇ ಹಾಕಿಸಬಹುದು.