ಲಕ್ಷಗಟ್ಟಲೆ ನಕ್ಷೆ ದಾಖಲೆಗಳನ್ನು ತಿದ್ದುವ ಅಡ್ಮಿನ್ ಪುಟವನ್ನು ಹೇಗೆ ಕಟ್ಟಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಕ್ಷೆಯ ದತ್ತಾಂಶವನ್ನು ಸೇರಿಸಲು, ತಿದ್ದಲು ಮತ್ತು ಪರಿಶೀಲಿಸಲು ನಮ್ಮ ತಂಡ ಬಳಸುವ ಅಡ್ಮಿನ್ ಪುಟವನ್ನು ಕೆಲವು ವರ್ಷಗಳ ಹಿಂದೆ ನಾನೇ ಬರೆದೆ. ಆಗ ಇದ್ದದ್ದು ನಾಲ್ಕು ಸಾವಿರ ಬಿಂದುಗಳು. ಪುಟ ತೆರೆದ ಕೂಡಲೇ ಅಷ್ಟನ್ನೂ ಒಂದೇ ಜಿಯೋಜೇಸನ್ ಕಡತವಾಗಿ (ನಕ್ಷೆಯ ದತ್ತಾಂಶವನ್ನು ಪಠ್ಯವಾಗಿ ಬರೆದಿಡುವ ನಮೂನೆ) ತರಿಸಿಕೊಂಡು, ಬ್ರೌಸರ್‌ನಲ್ಲಿ ನಕ್ಷೆ ತೋರಿಸುವ ಲೀಫ್‌ಲೆಟ್ ಎಂಬ ಸಿದ್ಧ ಕೋಡ್ ಬಳಸಿ ನಕ್ಷೆಯ ಮೇಲೆ ಹಾಕುತ್ತಿದ್ದೆ, ಪಕ್ಕದಲ್ಲಿ ಅದೇ ದಾಖಲೆಗಳ ಪಟ್ಟಿ ಇರುತ್ತಿತ್ತು. ಈಗ ಬಿಂದು, ರಸ್ತೆ, ಗಡಿ ಎಲ್ಲವೂ ಸೇರಿ ಮೂರು ಲಕ್ಷ ದಾಟಿರುವುದರಿಂದ ಬ್ರೌಸರ್ ನಿಂತೇ ಹೋಗುತ್ತದೆ, ಪಟ್ಟಿಯ ಕೊನೆಯ ಪುಟಗಳು ತೆರೆಯುವುದಕ್ಕೆ ಬಹಳ ಹೊತ್ತು ಹಿಡಿಯುತ್ತದೆ.

ಇದಕ್ಕಿಂತ ಹೆಚ್ಚು ಚಿಂತೆಗೀಡುಮಾಡಿದ್ದು ಕಳೆದ ತಿಂಗಳು ನಡೆದ ಒಂದು ಘಟನೆ. ಒಬ್ಬರು ಒಂದು ಗಡಿಯ ಆಕಾರವನ್ನು ಅರ್ಧ ದಿನ ಕುಳಿತು ಸರಿಪಡಿಸಿದರು. ಅದೇ ದಾಖಲೆಯನ್ನು ಬೆಳಿಗ್ಗೆಯೇ ತೆರೆದಿಟ್ಟುಕೊಂಡಿದ್ದ ಇನ್ನೊಬ್ಬರು ಸಂಜೆ ಹೆಸರಿನ ಒಂದು ಅಕ್ಷರ ತಿದ್ದಿ ಉಳಿಸಿದಾಗ ಹಳೆಯ ಆಕಾರವೇ ಮರಳಿ ಬಂದು ಕೂತಿತು. ಹಿಂದಿನ ಆವೃತ್ತಿಯನ್ನು ನಾವು ಎಲ್ಲೂ ಇಟ್ಟಿರಲಿಲ್ಲ. ಹೊಸದಾಗಿ ಕಟ್ಟುವುದಾದರೆ ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1

ನೋಡುವ ದಾರಿ ಮತ್ತು ತಿದ್ದುವ ದಾರಿ ಎರಡನ್ನೂ ಮೊದಲು ಬೇರ್ಪಡಿಸಿ. ಮೂರು ಲಕ್ಷ ವಸ್ತುಗಳನ್ನು ಯಾರೂ ಒಟ್ಟಿಗೆ ತಿದ್ದುವುದಿಲ್ಲ. ಅವು ಎಲ್ಲಿವೆ ಎಂದು ನೋಡುತ್ತಾರೆ, ಒಂದನ್ನು ಆರಿಸುತ್ತಾರೆ, ಅದೊಂದನ್ನೇ ತಿದ್ದುತ್ತಾರೆ. ಲೀಫ್‌ಲೆಟ್‌ನಲ್ಲಿ ಸಾಮಾನ್ಯ ಗುರುತು ಒಂದೊಂದೂ ಪುಟದೊಳಗಿನ ಒಂದೊಂದು ಪ್ರತ್ಯೇಕ ಅಂಶವಾಗಿರುವುದರಿಂದ ಸಂಖ್ಯೆ ಸಾವಿರಗಳನ್ನು ದಾಟುತ್ತಿದ್ದಂತೆ ಬ್ರೌಸರ್ ಏದುಸಿರು ಬಿಡುವುದು ಸಹಜ. ನೋಡುವುದಕ್ಕೆ ವೆಕ್ಟರ್ ಟೈಲ್‌ಗಳನ್ನು (ನಕ್ಷೆಯನ್ನು ಚೌಕಗಳಾಗಿ ಹೋಳುಮಾಡಿ, ಆಯಾ ಚೌಕದ ಆಕಾರಗಳನ್ನು ನಿರ್ದೇಶಾಂಕಗಳಾಗಿ ಕಳಿಸುವ ತುಣುಕುಗಳು) ಬಳಸಿ, ಚಿತ್ರಿಸುವ ಕೆಲಸವನ್ನು ಮ್ಯಾಪ್‌ಲಿಬ್ರೆಯಂಥ ವೆಬ್‌ಜಿಎಲ್ ಗ್ರಂಥಾಲಯಕ್ಕೆ (ಗ್ರಾಫಿಕ್ಸ್ ಚಿಪ್ ಬಳಸಿ ಚಿತ್ರಿಸುವ ಸಿದ್ಧ ಕೋಡ್‌ಗೆ) ಬಿಡಿ. ದತ್ತಾಂಶ ಪೋಸ್ಟ್‌ಜಿಐಎಸ್‌ನಲ್ಲಿದ್ದರೆ (ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ನಕ್ಷೆಯ ಆಕಾರಗಳನ್ನು ನಿಭಾಯಿಸುವ ಶಕ್ತಿ ಕೊಡುವ ವಿಸ್ತರಣೆ) ಡೇಟಾಬೇಸೇ ಟೈಲ್ ತಯಾರಿಸಿ ಕೊಡುತ್ತದೆ, ಆದರೆ ಆಕಾರದ ಕಾಲಂ ಮೇಲೆ ಜಿಸ್ಟ್ ಇಂಡೆಕ್ಸ್ (ಜಾಗದ ಮೇರೆಗೆ ಬೇಗ ಹುಡುಕಿಕೊಡುವ ಸೂಚಿ) ಇರಲೇಬೇಕು. ಎಲ್ಲ ಟೈಲ್‌ಗಳನ್ನೂ ಮೊದಲೇ ಮಾಡಿಡುವ ಯೋಚನೆ ಬೇಡ. ಝೂಮ್ ಒಂದೊಂದು ಹಂತ ಏರಿದಾಗಲೂ ಟೈಲ್‌ಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ, 14ನೆಯ ಹಂತದಲ್ಲಿ ಇಡೀ ಜಗತ್ತಿಗೆ 26 ಕೋಟಿಗೂ ಹೆಚ್ಚು ಟೈಲ್‌ಗಳಾಗುತ್ತವೆ. ಅಡ್ಮಿನ್ ಪುಟದಲ್ಲಿ ಕೇಳಿದ್ದನ್ನು ಮಾತ್ರ ಆ ಕ್ಷಣಕ್ಕೆ ತಯಾರಿಸಿದರೆ ಸಾಕು.

ಇಲ್ಲಿ ನಾವು ಒಮ್ಮೆ ಎಡವಿದ್ದೇವೆ, ಆದ್ದರಿಂದ ಒತ್ತಿ ಹೇಳುತ್ತೇನೆ. ಟೈಲ್‌ನಲ್ಲಿ ಕಾಣುವ ಆಕಾರವನ್ನೇ ಸಂಪಾದನೆಗೆ ಎತ್ತಿಕೊಳ್ಳಬೇಡಿ. ಟೈಲ್‌ನೊಳಗಿನ ನಿರ್ದೇಶಾಂಕಗಳು ಸಾಮಾನ್ಯವಾಗಿ 4096 × 4096 ಚೌಕುಳಿಗೆ ಪೂರ್ಣಾಂಕಗಳಾಗಿ ಇಳಿದಿರುತ್ತವೆ. ಭೂಮಧ್ಯರೇಖೆಯ ಬಳಿ 14ನೆಯ ಝೂಮ್‌ನಲ್ಲಿ ಆ ಚೌಕುಳಿಯ ಒಂದು ಮನೆಯ ಅಗಲ ಸುಮಾರು 60 ಸೆಂಟಿಮೀಟರ್, 8ನೆಯ ಝೂಮ್‌ನಲ್ಲಿ ಸುಮಾರು 38 ಮೀಟರ್. ಜೊತೆಗೆ ಆಕಾರವು ಟೈಲ್‌ನ ಅಂಚಿನಲ್ಲಿ ಕತ್ತರಿಸಿಹೋಗಿರುತ್ತದೆ. ನಮ್ಮಲ್ಲಿ ಒಬ್ಬರು ದೂರದ ಝೂಮ್‌ನಲ್ಲಿ ಗಡಿಯೊಂದನ್ನು ಒತ್ತಿ, ಹೆಸರು ಬದಲಿಸಿ ಉಳಿಸಿದಾಗ ಆ ಗಡಿಯ ಒಂದು ಮಗ್ಗುಲು ಚಾಕುವಿನಿಂದ ಕೊಯ್ದಂತೆ ನೇರ ಗೆರೆಯಾಗಿಬಿಟ್ಟಿತ್ತು. ಟೈಲ್‌ನಿಂದ ಗುರುತಿನ ಸಂಖ್ಯೆಯನ್ನು ಮಾತ್ರ ಪಡೆದು, ಪೂರ್ಣ ಆಕಾರವನ್ನು ಡೇಟಾಬೇಸ್‌ನಿಂದ ಮತ್ತೆ ತರಿಸಿಕೊಳ್ಳಿ.

ಉತ್ತರ 2

ಪಟ್ಟಿಯ ವಿಷಯ ಸುಲಭವಾದದ್ದು. ಎರಡು ಲಕ್ಷ ಸಾಲು ಬಿಟ್ಟು ಮುಂದಿನ ಐವತ್ತು ಕೊಡು ಎಂದು ಆಫ್‌ಸೆಟ್ ಮೂಲಕ ಕೇಳಿದರೆ ಡೇಟಾಬೇಸ್ ಆ ಎರಡು ಲಕ್ಷವನ್ನೂ ದಾಟಿಯೇ ಬರಬೇಕಾಗುತ್ತದೆ. ಕೊನೆಗೆ ಕಂಡ ಸಾಲಿನ ಗುರುತಿನ ಸಂಖ್ಯೆಯನ್ನು ಕಳಿಸಿ, ಅದರಾಚೆಯ ಐವತ್ತು ಕೇಳಿದರೆ ಎಷ್ಟು ಆಳಕ್ಕೆ ಹೋದರೂ ಇಂಡೆಕ್ಸ್ ನೇರವಾಗಿ ಅಲ್ಲಿಗೆ ಕರೆದೊಯ್ಯುತ್ತದೆ. ಪಟ್ಟಿಯು ನಕ್ಷೆಯ ಚೌಕಟ್ಟಿನೊಳಗೆ ಕಾಣುತ್ತಿರುವುದನ್ನಷ್ಟೇ ತೋರಿಸುವಂತೆ ಮಾಡಿದರೆ ಕೆಲಸ ಮಾಡುವವರಿಗೂ ಅನುಕೂಲ; ಸಾವಿರಾರು ಪುಟಗಳ ಪಟ್ಟಿಯನ್ನು ಕೊನೆಯತನಕ ಓದುವವರು ಯಾರೂ ಇಲ್ಲ.

ಉತ್ತರ 3

ನಿಧಾನವಾದ ಪುಟವನ್ನು ಜನ ಸಹಿಸಿಕೊಳ್ಳುತ್ತಾರೆ, ಆದರೆ ತಾವು ಮಾಡಿದ ಕೆಲಸ ಅಳಿಸಿಹೋದರೆ ಆ ಪುಟವನ್ನು ಮತ್ತೆ ನಂಬುವುದಿಲ್ಲ. ಆದ್ದರಿಂದ ನಿಮ್ಮ ಎರಡನೆಯ ಸಮಸ್ಯೆಯನ್ನೇ ಮೊದಲು ಬಗೆಹರಿಸಬೇಕೆಂಬುದು ನನ್ನ ಅಭಿಪ್ರಾಯ. ಯಾರು ಬೇಕಾದರೂ ತಿದ್ದಬಹುದಾದ ಜಾಗತಿಕ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್ ಇದನ್ನು ನಿಭಾಯಿಸುವ ಬಗೆ ಕಲಿಯುವಂಥದ್ದು. ಅಲ್ಲಿ ಪ್ರತಿಯೊಂದು ವಸ್ತುವಿಗೂ ಆವೃತ್ತಿ ಸಂಖ್ಯೆ ಇರುತ್ತದೆ. ನೀವು 7ನೆಯ ಆವೃತ್ತಿಯನ್ನು ತೆರೆದು ತಿದ್ದುತ್ತಿರುವಾಗ ಇನ್ನೊಬ್ಬರು 8ನ್ನು ಉಳಿಸಿದ್ದರೆ ಸರ್ವರ್ ನಿಮ್ಮ ಬದಲಾವಣೆಯನ್ನು 409 ಎಂಬ ಸಂಘರ್ಷದ ಸಂಕೇತದೊಂದಿಗೆ ಹಿಂತಿರುಗಿಸುತ್ತದೆ. ನಿಮ್ಮ ಪುಟ ಆ ಸಂಕೇತವನ್ನು ಬರಿಯ ದೋಷ ಸಂದೇಶವಾಗಿ ತೋರಿಸದೆ, ಎರಡೂ ಆಕಾರಗಳನ್ನು ಎರಡು ಬಣ್ಣಗಳಲ್ಲಿ ಒಂದರ ಮೇಲೊಂದು ಇಟ್ಟು ತೋರಿಸಲಿ. ಇದರ ಜೊತೆಗೆ ಬದಲಾದ ಕಾಲಂಗಳನ್ನು ಮಾತ್ರ ಕಳಿಸುವ ಕ್ರಮವಿದ್ದರೆ, ಹೆಸರು ತಿದ್ದಿದವರು ಆಕಾರವನ್ನು ಮುಟ್ಟುವ ಪ್ರಸಂಗವೇ ಬರುವುದಿಲ್ಲ.

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ತಿದ್ದುಪಡಿಗಳೆಲ್ಲ ಚೇಂಜ್‌ಸೆಟ್ ಎಂಬ ಕಟ್ಟಿನೊಳಗೆ ಬರುತ್ತವೆ, ಒಂದು ಕಟ್ಟಿನಲ್ಲಿ ಗರಿಷ್ಠ 10,000 ಬದಲಾವಣೆಗಳು. ಯಾರು, ಯಾವಾಗ, ಏಕೆ ಮಾಡಿದರು ಎಂಬ ವಿವರ ಕಟ್ಟಿಗೆ ಅಂಟಿಕೊಂಡಿರುವುದರಿಂದ ಪರಿಶೀಲಿಸುವವರು ಸಾವಿರ ಸಾಲುಗಳನ್ನು ಬಿಡಿಬಿಡಿಯಾಗಿ ನೋಡಬೇಕಾಗಿಲ್ಲ, ತಪ್ಪಾಗಿದ್ದರೆ ಇಡೀ ಕಟ್ಟನ್ನು ಒಂದು ಘಟಕವೆಂದು ಹಿಡಿದು ಹಿಂದಕ್ಕೆ ತೆಗೆಯಬಹುದು. ಹಳೆಯ ಆವೃತ್ತಿಗಳಿಗೆ ಬೇರೆ ಟೇಬಲ್ ಇಟ್ಟು, ಅದರಲ್ಲಿ ಸೇರಿಸುವುದಕ್ಕಷ್ಟೇ ಅವಕಾಶ ಕೊಡಿ. ಅಳಿಸುವುದೆಂದರೆ ‘ಕಾಣಿಸಬೇಡ’ ಎಂಬ ಗುರುತು ಹಾಕಿದ ಹೊಸ ಆವೃತ್ತಿ ಎಂದೇ ಭಾವಿಸಿ.

ಪ್ರಶ್ನೆ ಕೇಳಿದವರು

ಮೂವರಿಗೂ ತುಂಬಾ ಧನ್ಯವಾದಗಳು. ಟೈಲ್‌ನ ಆಕಾರದ ಬಗ್ಗೆ ಎಚ್ಚರಿಸದಿದ್ದರೆ ನಾನು ಖಂಡಿತ ಅದೇ ತಪ್ಪನ್ನು ಮಾಡುತ್ತಿದ್ದೆ. ಇನ್ನೊಂದು ಸಂದೇಹವಿದೆ. ಹೊಸ ದತ್ತಾಂಶ ಹೆಚ್ಚಾಗಿ ಸಿಎಸ್‌ವಿ ಕಡತಗಳಲ್ಲಿ (ಅಲ್ಪವಿರಾಮಗಳಿಂದ ಕಾಲಂ ಬೇರ್ಪಡಿಸಿದ ಪಠ್ಯ ಕಡತಗಳು) ಸಾವಿರಗಟ್ಟಲೆ ಸಾಲುಗಳಾಗಿ ಬರುತ್ತದೆ, ಕೆಲವೊಮ್ಮೆ ಅಕ್ಷಾಂಶ ಮತ್ತು ರೇಖಾಂಶ ಅದಲುಬದಲಾಗಿರುತ್ತವೆ. ಅದನ್ನು ಹೇಗೆ ತಡೆಯುವುದು?

ಉತ್ತರ 3

ಕಡತವನ್ನು ನೇರವಾಗಿ ಮುಖ್ಯ ಟೇಬಲ್‌ಗೆ ಬಿಡಬೇಡಿ. ತಾತ್ಕಾಲಿಕ ಟೇಬಲ್‌ಗೆ ಇಳಿಸಿ, ಪರೀಕ್ಷೆ ನಡೆಸಿ, ಆಮೇಲೆ ಚೇಂಜ್‌ಸೆಟ್ ಆಗಿ ಪರಿವರ್ತಿಸಿ. ಅಕ್ಷಾಂಶ 90ನ್ನು ಮೀರಿದೆಯೇ ಎಂದು ನೋಡುವ ಪರೀಕ್ಷೆ ಅದಲುಬದಲಾದ ಕೆಲವು ಸಾಲುಗಳನ್ನು ಮಾತ್ರ ಹಿಡಿಯುತ್ತದೆ, ಏಕೆಂದರೆ ಎರಡೂ ಸಂಖ್ಯೆಗಳು 90ರೊಳಗಿದ್ದರೆ ಬಿಂದು ಸದ್ದಿಲ್ಲದೆ ಬೇರೆಲ್ಲೋ ಹೋಗಿ ಬೀಳುತ್ತದೆ. ನಿಮ್ಮ ದತ್ತಾಂಶ ಸೇರಿದ ಪ್ರದೇಶದ ಗಡಿಯೊಳಗೆ ಬಿಂದು ಬರುತ್ತದೆಯೇ ಎಂಬ ಪರೀಕ್ಷೆಯೇ ನಂಬಿಕೆಗೆ ಅರ್ಹ. ಖಾಲಿ ಬಿಟ್ಟ ಜಾಗ ಸೊನ್ನೆಯಾಗಿ ಓದಿಸಿಕೊಂಡು, ಆಫ್ರಿಕಾದ ಪಶ್ಚಿಮಕ್ಕಿರುವ ಗಿನಿ ಕೊಲ್ಲಿಯ ನೀರಿನ ಮೇಲೆ 0, 0 ಎಂಬಲ್ಲಿ ರಾಶಿ ಬೀಳುವ ಬಿಂದುಗಳನ್ನೂ ಇದೇ ಪರೀಕ್ಷೆ ಹಿಡಿಯುತ್ತದೆ. ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ನಂತರ. ಲೀಫ್‌ಲೆಟ್‌ನಲ್ಲಿ ಅಕ್ಷಾಂಶವೇ ಮೊದಲು. ಗೊಂದಲ ಹುಟ್ಟುವುದು ಸಾಮಾನ್ಯವಾಗಿ ಇಲ್ಲಿಂದಲೇ.

ತನ್ನನ್ನೇ ತಾನು ಕತ್ತರಿಸುವ ಗಡಿಗಳನ್ನು ಪೋಸ್ಟ್‌ಜಿಐಎಸ್ ತಾನಾಗಿ ಸರಿಪಡಿಸಬಲ್ಲದು, ಆದರೆ ಹಾಗೆ ಮಾಡುವಾಗ ಒಂದು ಆಕಾರ ಎರಡು ತುಂಡಾಗಬಹುದು. ಯಾರ ಗಮನಕ್ಕೂ ತಾರದೆ ಅದನ್ನು ಮಾಡದೆ, ತಪ್ಪಿರುವ ಬಿಂದುವಿಗೆ ನಕ್ಷೆಯನ್ನು ಕೊಂಡೊಯ್ದು ತೋರಿಸಿ, ತೀರ್ಮಾನವನ್ನು ಆ ಜಾಗವನ್ನು ಬಲ್ಲ ಸಂಪಾದಕರಿಗೇ ಬಿಡಿ.

ಉತ್ತರ 1

ಟೈಲ್‌ಗಳನ್ನು ಕ್ಯಾಶ್ ಮಾಡಲು (ಒಮ್ಮೆ ತಯಾರಿಸಿದ್ದನ್ನು ಮರುಬಳಕೆಗೆ ಇಟ್ಟುಕೊಳ್ಳಲು) ಹೊರಟಾಗ ಒಂದನ್ನು ಮರೆಯಬೇಡಿ. ಬದಲಾವಣೆ ಉಳಿಸಿದ ಮೇಲೂ ನಕ್ಷೆಯಲ್ಲಿ ಹಳೆಯ ಆಕಾರವೇ ಕಂಡರೆ, ಉಳಿಯಲಿಲ್ಲವೆಂದು ತಿಳಿದು ಜನ ಅದನ್ನೇ ಎರಡು ಮೂರು ಸಲ ಉಳಿಸುತ್ತಾರೆ. ಆದ್ದರಿಂದ ಈಗಷ್ಟೇ ತಿದ್ದಿದ ವಸ್ತುವನ್ನು ಟೈಲ್ ಲೇಯರ್‌ನಲ್ಲಿ ಮರೆಮಾಡಿ, ಹೊಸ ಆಕಾರವನ್ನು ಅದರ ಮೇಲಿನ ಪ್ರತ್ಯೇಕ ಲೇಯರ್‌ನಲ್ಲಿ ತೋರಿಸಿ. ಕ್ಯಾಶ್ ತೆರವುಗೊಳಿಸುವಾಗ ಹೊಸ ಆಕಾರ ಮುಟ್ಟುವ ಟೈಲ್‌ಗಳ ಜೊತೆಗೆ ಹಳೆಯ ಆಕಾರ ಮುಟ್ಟುತ್ತಿದ್ದ ಟೈಲ್‌ಗಳನ್ನೂ ತೆರವುಗೊಳಿಸಬೇಕು. ಇಲ್ಲದಿದ್ದರೆ ಸ್ಥಳಾಂತರವಾದ ಬಿಂದು ಎರಡು ಕಡೆಯೂ ಕಾಣಿಸುತ್ತದೆ.